ನಾಡಿನ ನಾಳೆಯ ಲೆಕ್ಕ ನಮ್ಮೆದುರೇ ಆಗಲಿ: ನೀತಿ ಆಯೋಗಕ್ಕೊಂದು ಬಹಿರಂಗ ಪತ್ರ

ನೀತಿ ಆಯೋಗದ ಉಪಾಧ್ಯಕ್ಷರಿಗೆ ಮತ್ತು ಸದಸ್ಯರಿಗೆ,
ಕರ್ನಾಟಕದಿಂದ ಆರಿಸಿ ಹೋಗಿರುವ ಎಲ್ಲ ಸಂಸದರಿಗೆ,

ನಮಸ್ಕಾರ.

ನಾನು ತುಮಕೂರು ಜಿಲ್ಲೆಯವಳು. ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುತ್ತೇನೆ. ದೇಶದ ಹವಾಮಾನ ನೀತಿಯ ಹಿಂದೆ ನಡೆಯುವ ಕಂಪ್ಯೂಟರ್ ಲೆಕ್ಕದ ಬಗ್ಗೆ ನಿಮಗೆ ಬರೆಯುತ್ತಿದ್ದೇನೆ. ನಿಮಗೊಬ್ಬರಿಗೇ ಬರೆಯಬಹುದಿತ್ತು. ಆದರೆ ಈ ಲೆಕ್ಕದಿಂದ ಬದುಕು ಬದಲಾಗುವವರು ನಮ್ಮ ಸುತ್ತ ತುಂಬಾ ಜನ ಇದ್ದಾರೆ. ಅವರೂ ಓದಲಿ ಎಂದು ಕನ್ನಡದಲ್ಲಿ, ಎಲ್ಲರೆದುರು ಬರೆಯುತ್ತಿದ್ದೇನೆ.

2070ಕ್ಕೆ ಭಾರತ ನೆಟ್ ಝೀರೋ, ಅಂದರೆ ಹೊರಬಿಡುವಷ್ಟೇ ಹಸಿರುಮನೆ ಅನಿಲವನ್ನು ಹೀರಿಕೊಂಡು ಲೆಕ್ಕ ಸೊನ್ನೆಯಾಗುವ ಸ್ಥಿತಿ, ತಲುಪುತ್ತದೆ ಎಂದು 2021ರ ನವೆಂಬರ್‌ನಲ್ಲಿ ಗ್ಲಾಸ್ಗೋ ಹವಾಮಾನ ಸಮ್ಮೇಳನದಲ್ಲಿ ಪ್ರಧಾನಿಯವರು ಘೋಷಿಸಿದರು. ಮರುವರ್ಷ ನಮ್ಮ ಸರ್ಕಾರ ವಿಶ್ವಸಂಸ್ಥೆಗೆ ಎರಡು ಮುಖ್ಯ ಮಾತು ಕೊಟ್ಟಿತು. ಜಿಡಿಪಿಯ ಪ್ರತಿ ರೂಪಾಯಿಗೆ ಹೊರಬೀಳುವ ಹಸಿರುಮನೆ ಅನಿಲವನ್ನು 2030ರೊಳಗೆ 2005ರ ಮಟ್ಟಕ್ಕಿಂತ ಶೇ 45ರಷ್ಟು ಇಳಿಸುವುದು ಒಂದು. ಅದೇ ಹೊತ್ತಿಗೆ ವಿದ್ಯುತ್ ಸಾಮರ್ಥ್ಯದಲ್ಲಿ ಅರ್ಧದಷ್ಟನ್ನು ಸೂರ್ಯ, ಗಾಳಿ, ನೀರು, ಅಣುವಿನಂಥ ಮೂಲಗಳಿಂದ ಪಡೆಯುವುದು ಇನ್ನೊಂದು. ಎರಡನೆಯ ಗುರಿಯನ್ನು 2025ರಲ್ಲೇ, ಐದು ವರ್ಷ ಮೊದಲೇ ಮುಟ್ಟಿದ್ದೇವೆ. ಇದು ಹೆಮ್ಮೆಯ ವಿಷಯ. ನಮ್ಮ ಜಿಲ್ಲೆಯ ಪಾವಗಡದ ಸೋಲಾರ್ ಪಾರ್ಕಿನ ಪಾಲೂ ಅದರಲ್ಲಿದೆ.

ಇಷ್ಟು ದೊಡ್ಡ ಗುರಿಗಳನ್ನು ಯಾರೂ ಸುಮ್ನೆ ಬೆರಳು ಮಡಚಿ ಎಣಿಸಿ ಇಡುವುದಿಲ್ಲ. ಅವುಗಳ ಹಿಂದೆ ಮಾಡೆಲ್‌ಗಳಿರುತ್ತವೆ. ದೇಶದ ಜನಸಂಖ್ಯೆ, ಆದಾಯ, ಕಾರ್ಖಾನೆ, ವಾಹನ, ಪಂಪ್‌ಸೆಟ್, ಫ್ಯಾನು, ಎಸಿ ಎಲ್ಲವನ್ನೂ ಸಮೀಕರಣಗಳಾಗಿ ಬರೆದಿರುತ್ತಾರೆ. ಮುಂದಿನ ಮೂವತ್ತು, ನಲವತ್ತು ವರ್ಷ ಎಷ್ಟು ಕರೆಂಟು ಬೇಕು, ಅದನ್ನು ಕಡಿಮೆ ಖರ್ಚಿನಲ್ಲಿ ಹೇಗೆ ಒದಗಿಸುವುದು, ಎಷ್ಟು ಹೊಗೆ ಏಳುತ್ತದೆ ಎಂದು ಕಂಪ್ಯೂಟರ್ ಲೆಕ್ಕ ಹಾಕುತ್ತದೆ. ಹವಾಮಾನದ ಮಾಡೆಲ್ ಬೇರೆ, ಇದು ಬೇರೆ. ಮಳೆ, ಬಿಸಿಲು, ಸಮುದ್ರದ ಶಾಖ ಇವನ್ನೆಲ್ಲ ಲೆಕ್ಕ ಹಾಕುವ ಮಾಡೆಲ್ ಪುಣೆಯ ಐಐಟಿಎಂ ಎಂಬ ಹವಾಮಾನ ಸಂಶೋಧನಾ ಸಂಸ್ಥೆಯಲ್ಲಿದೆ. ಅದು ಭೌತಶಾಸ್ತ್ರದ ನಿಯಮಗಳ ಮೇಲೆ ನಿಂತಿದೆ. ನಾನು ಹೇಳುತ್ತಿರುವ ಇಂಧನ ಮಾಡೆಲ್ ನಿಂತಿರುವುದು ಮನುಷ್ಯರು ಮುಂದೆ ಏನು ಮಾಡಬಹುದು ಎಂಬ ಊಹೆಗಳ ಮೇಲೆ. ಅದಕ್ಕೇ ಇಲ್ಲಿ ಊಹೆ ಯಾರದ್ದು ಎಂದು ಕೇಳಲೇಬೇಕಾಗುತ್ತದೆ.

ನನ್ನ ಕೋರಿಕೆಯನ್ನು ಮೊದಲೇ ಹೇಳಿಬಿಡುತ್ತೇನೆ. ಮಾಡೆಲ್ ಬೇಡ ಎಂದು ನಾನು ಹೇಳುತ್ತಿಲ್ಲ. ಮಾಡೆಲ್ ಬೇಕು, ಇನ್ನೂ ಜಾಸ್ತಿ ಬೇಕು. ಆದರೆ ಯಾವ ಲೆಕ್ಕವನ್ನು ನಂಬಿ ದೇಶದ ಹಣ, ಜಮೀನು, ಕಾಡು, ನದಿಯ ಬಗ್ಗೆ ತೀರ್ಮಾನ ಆಗುತ್ತದೋ ಆ ಇಡೀ ಲೆಕ್ಕ ತೀರ್ಮಾನಕ್ಕೆ ಮುಂಚೆಯೇ ಜನರ ಕೈಗೆ ಬರಬೇಕು. ಊಹೆಗಳು, ಅಂಕಿಗಳು, ಕೋಡ್, ಎಲ್ಲವೂ. ಕೆಲವು ವರ್ಷ ಕಳೆದ ಮೇಲೆ ಆ ಲೆಕ್ಕ ಎಷ್ಟು ನಿಜವಾಯಿತು ಎಂದು ನೀವೇ ಪರೀಕ್ಷೆ ಮಾಡಿ ಹೇಳಬೇಕು.

ಯಾಕೆ ಇಷ್ಟು ಒತ್ತಿ ಕೇಳುತ್ತಿದ್ದೇನೆ ಎನ್ನುವುದಕ್ಕೆ ನಮ್ಮ ರಾಜ್ಯದ್ದೇ ಒಂದು ಹಳೆಯ ಕಥೆ ಇದೆ.

1987ರಲ್ಲಿ ಕರ್ನಾಟಕದ ದೂರಗಾಮಿ ವಿದ್ಯುತ್ ಯೋಜನೆಗಳಿಗಾಗಿ ನೇಮಿಸಿದ್ದ ಸಮಿತಿಯೊಂದು ಲೆಕ್ಕ ಹಾಕಿತು. 2000ನೇ ಇಸವಿಗೆ ರಾಜ್ಯಕ್ಕೆ ವರ್ಷಕ್ಕೆ ಸುಮಾರು 4,750 ಕೋಟಿ ಯೂನಿಟ್ ಕರೆಂಟು, ಸುಮಾರು 9,400 ಮೆಗಾವಾಟ್ ಸಾಮರ್ಥ್ಯ ಬೇಕು ಎಂದಿತು. ಹಿಂದಿನ ಬೆಳವಣಿಗೆಯನ್ನು ಹಾಗೇ ಮುಂದಕ್ಕೆ ಎಳೆದು ನೋಡುವ ಥರದ ಲೆಕ್ಕ ಅದು. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿದ್ದ ಪ್ರೊಫೆಸರ್ ಅಮೂಲ್ಯ ರೆಡ್ಡಿ ಮತ್ತು ಅವರ ಜೊತೆಗಾರರು ಈ ಲೆಕ್ಕವನ್ನು ಒಪ್ಪಲಿಲ್ಲ. ಒಪ್ಪಲ್ಲ ಎಂದು ಭಾಷಣ ಮಾಡಿ ಬಿಡಲೂ ಇಲ್ಲ. ತಾವೇ ಬೇರೆ ಲೆಕ್ಕ ಹಾಕಿದರು. ಅದಕ್ಕೆ 'ಡಿಫೆಂಡಸ್' ಎಂದು ಹೆಸರಿಟ್ಟರು.

ಅವರು ಶುರು ಮಾಡಿದ್ದೇ ಬೇರೆ ಕಡೆಯಿಂದ. ಎಷ್ಟು ಮೆಗಾವಾಟ್ ಬೇಕು ಎಂದು ಕೇಳಲಿಲ್ಲ. ಕರೆಂಟು ಯಾವ ಕೆಲಸಕ್ಕೆ ಬೇಕು ಎಂದು ಕೇಳಿದರು. ಮನೆಗೆ ಬೆಳಕು ಬೇಕು. ಸ್ನಾನಕ್ಕೆ ಬಿಸಿನೀರು ಬೇಕು. ಹೊಲಕ್ಕೆ ನೀರೆತ್ತಬೇಕು. ಕಾರ್ಖಾನೆ ಓಡಬೇಕು. ರಾಜ್ಯದ ಎಲ್ಲ ಮನೆಗಳಿಗೂ ದೀಪ ಬಂದರೆ, ನೀರಾವರಿ ಹೆಚ್ಚಿದರೆ ಎಷ್ಟಾಗುತ್ತದೆ ಎಂದು ನೋಡಿದರು. ಸಾದಾ ಬಲ್ಬಿನ ಬದಲು ಕಡಿಮೆ ಕರೆಂಟು ಎಳೆಯುವ ದೀಪ, ಗೀಸರ್ ಬದಲು ಸೋಲಾರ್ ವಾಟರ್ ಹೀಟರ್, ಒಳ್ಳೆಯ ಪಂಪು ಬಂದರೆ ಎಷ್ಟು ಉಳಿಯುತ್ತದೆ ಎಂದು ಕೂಡಿ ಕಳೆದರು. 1991ರಲ್ಲಿ ಪ್ರಕಟವಾದ ಆ ಲೆಕ್ಕದ ಪ್ರಕಾರ 2000ಕ್ಕೆ ಬೇಕಾಗುವುದು ಸುಮಾರು 1,785 ಕೋಟಿ ಯೂನಿಟ್. ಸಾಮರ್ಥ್ಯ ಸುಮಾರು 4,000 ಮೆಗಾವಾಟ್. ಸಮಿತಿ ಹೇಳಿದ್ದರ ಅರ್ಧಕ್ಕೂ ಕಡಿಮೆ.

ಒಂದೇ ರಾಜ್ಯ, ಒಂದೇ ಗುರಿ ವರ್ಷ, ಎರಡು ಲೆಕ್ಕ. ಯಾವುದು ಸರಿ ಎಂಬ ವಾದಕ್ಕೆ ಈಗ ಹೋಗುವುದಿಲ್ಲ. ನನಗೆ ಮುಖ್ಯವಾಗಿ ಕಾಣುವುದು ಬೇರೆ. ಎರಡನೆಯ ಲೆಕ್ಕವನ್ನು ಯಾರು ಬೇಕಾದರೂ ಓದಿ, ಸಾಲು ಸಾಲಾಗಿ ಪ್ರಶ್ನೆ ಮಾಡಬಹುದಿತ್ತು. ಅದನ್ನು ವಾರಪತ್ರಿಕೆಯೊಂದರಲ್ಲಿ ಎಲ್ಲರ ಮುಂದಿಟ್ಟಿದ್ದರು. ಕೈಗಾ ಅಣುಸ್ಥಾವರದ ಬಗ್ಗೆ ರಾಜ್ಯದಲ್ಲಿ ಕಾವೇರಿದ ಚರ್ಚೆ ನಡೆದಿದ್ದ ಕಾಲ ಅದು. ಜನರ ಕೈಯಲ್ಲಿ ಸಿಟ್ಟಿನ ಜೊತೆಗೆ ಒಂದು ಪರ್ಯಾಯ ಲೆಕ್ಕವೂ ಇತ್ತು. ಮಾಡೆಲ್ ಒಂದು ಊರಿಗೆ, ಒಂದು ನಾಡಿಗೆ ಮಾಡಬಹುದಾದ ದೊಡ್ಡ ಉಪಕಾರ ಇದೇ.

ಈಗ ದೇಶದ ಮಟ್ಟಕ್ಕೆ ಬರುತ್ತೇನೆ. ಕೇಂದ್ರ ವಿದ್ಯುತ್ ಪ್ರಾಧಿಕಾರದ 18ನೇ ವಿದ್ಯುತ್ ಸಮೀಕ್ಷೆ 2016-17ರಲ್ಲಿ ದೇಶದ ಗರಿಷ್ಠ ಬೇಡಿಕೆ (ಒಂದೇ ಹೊತ್ತಿನಲ್ಲಿ ಬೇಕಾಗುವ ಅತಿ ಹೆಚ್ಚು ಕರೆಂಟು) ಸುಮಾರು 1,99,500 ಮೆಗಾವಾಟ್ ಆಗುತ್ತದೆ ಎಂದು ಅಂದಾಜು ಮಾಡಿತ್ತು. ಆ ವರ್ಷ ನಿಜವಾಗಿ ಬಂದದ್ದು ಸುಮಾರು 1,60,000. ಅಂತರ 40,000 ಮೆಗಾವಾಟ್‌ನ ಹತ್ತಿರ. ರಾಯಚೂರು, ಬಳ್ಳಾರಿ, ಯರಮರಸ್ ಮೂರೂ ಕಲ್ಲಿದ್ದಲು ಸ್ಥಾವರಗಳನ್ನು ಸೇರಿಸಿದರೂ 5,020 ಮೆಗಾವಾಟ್. ಅಂಥ ಎಂಟು ಗುಂಪುಗಳಷ್ಟು ತಪ್ಪು ಲೆಕ್ಕ ಇದು.

ಈ ಅಂತರ ಬರೀ ಕಾಗದದಲ್ಲಿ ಉಳಿಯಲಿಲ್ಲ. 2018ರಲ್ಲಿ ಸಂಸತ್ತಿನ ಇಂಧನ ಸ್ಥಾಯಿ ಸಮಿತಿ ವರದಿ ಕೊಟ್ಟಾಗ 34 ಉಷ್ಣ ವಿದ್ಯುತ್ ಯೋಜನೆಗಳು ಸಂಕಷ್ಟದಲ್ಲಿದ್ದವು. ಅವುಗಳ ಒಟ್ಟು ಸಾಮರ್ಥ್ಯ ಸುಮಾರು 40,000 ಮೆಗಾವಾಟ್. ಕಲ್ಲಿದ್ದಲು ಸಿಗದ್ದು, ಕೊಳ್ಳುವ ಒಪ್ಪಂದ ಆಗದ್ದು, ಸಾಲ ಬೆಳೆದದ್ದು, ಹೀಗೆ ಕಾರಣ ಹಲವಿದ್ದವು. ಎಲ್ಲವನ್ನೂ ಮುನ್ನಂದಾಜಿನ ತಲೆಗೆ ಕಟ್ಟುವುದು ಸರಿಯಲ್ಲ. ಆದರೆ ಬೇಡಿಕೆ ಇಷ್ಟು ಬೆಳೆಯುತ್ತದೆ ಎಂಬ ನಂಬಿಕೆ ಇಲ್ಲದೆ ಯಾವ ಬ್ಯಾಂಕು ಅಷ್ಟು ಸಾಲ ಕೊಡುತ್ತಿತ್ತು? ಸಾಲದಲ್ಲಿ ಬಹುಪಾಲು ಸರ್ಕಾರಿ ಬ್ಯಾಂಕುಗಳದ್ದು. ಅಂದರೆ ನಮ್ಮೆಲ್ಲರ ಠೇವಣಿ.

ಆಮೇಲೆ ಕಥೆ ತಿರುವು ಪಡೆಯಿತು. 2024ರ ಮೇ ಕೊನೆಯಲ್ಲಿ, ಸುಡು ಬಿಸಿಲಿನಲ್ಲಿ, ದೇಶದ ಗರಿಷ್ಠ ಬೇಡಿಕೆ ಸುಮಾರು 2,50,000 ಮೆಗಾವಾಟ್ ಮುಟ್ಟಿತು. ಕೆಲವೇ ವರ್ಷಗಳ ಹಿಂದೆ ಸ್ಥಾವರ ಜಾಸ್ತಿಯಾಯಿತು ಎಂದು ಕೊರಗುತ್ತಿದ್ದೆವು. ಈಗ ಸಾಲದು ಎನ್ನುತ್ತಿದ್ದೇವೆ.

ಬೆಲೆಯ ಅಂದಾಜುಗಳೂ ಹೀಗೇ. ರಾಷ್ಟ್ರೀಯ ಸೌರ ಮಿಷನ್ ಶುರುವಾದ 2010ರಲ್ಲಿ ಸೋಲಾರ್ ಕರೆಂಟಿನ ಹರಾಜು ದರ ಯೂನಿಟ್‌ಗೆ ಸುಮಾರು 12 ರೂಪಾಯಿ. 2017ರಲ್ಲಿ ರಾಜಸ್ಥಾನದ ಭಡ್ಲಾದಲ್ಲಿ 2 ರೂಪಾಯಿ 44 ಪೈಸೆ. 2020ರ ಡಿಸೆಂಬರ್‌ನಲ್ಲಿ ಗುಜರಾತಿನಲ್ಲಿ 1 ರೂಪಾಯಿ 99 ಪೈಸೆ. 2010ರ ದರ ಇಟ್ಟುಕೊಂಡು ಮಾಡೆಲ್ ಓಡಿಸಿದರೆ ಅದು ಕಲ್ಲಿದ್ದಲನ್ನೇ ಆರಿಸುತ್ತದೆ. 2020ರ ದರ ಕೊಟ್ಟರೆ ಸೋಲಾರ್ ಆರಿಸುತ್ತದೆ. ಸಮೀಕರಣ ಒಂದೇ. ಬದಲಾಗಿದ್ದು ಒಂದು ಅಂಕಿ. ಪ್ಯಾರಿಸ್‌ನ ಅಂತರರಾಷ್ಟ್ರೀಯ ಇಂಧನ ಸಂಸ್ಥೆಯಂಥ ದೊಡ್ಡ ಸಂಸ್ಥೆಯೇ ವರ್ಷಗಟ್ಟಲೆ ಸೋಲಾರ್ ಬೆಳವಣಿಗೆಯನ್ನು ಕಡಿಮೆ ಅಂದಾಜು ಮಾಡುತ್ತಾ ಬಂತು.

ನಿಮ್ಮ ಪಕ್ಕದ ಕಚೇರಿಯ ಉದಾಹರಣೆಯನ್ನೇ ತೆಗೆದುಕೊಳ್ಳಿ. 2029-30ಕ್ಕೆ ಯಾವ ಮೂಲದಿಂದ ಎಷ್ಟು ವಿದ್ಯುತ್ ಇರಬೇಕು ಎಂದು ಕೇಂದ್ರ ವಿದ್ಯುತ್ ಪ್ರಾಧಿಕಾರ 2020ರ ಜನವರಿಯಲ್ಲಿ ವರದಿ ಕೊಟ್ಟಿತು. ಬ್ಯಾಟರಿ 27,000 ಮೆಗಾವಾಟ್ ಬೇಕು, ಅದು 1,08,000 ಮೆಗಾವಾಟ್-ಗಂಟೆ ಕರೆಂಟು ಕೂಡಿಡಬೇಕು ಎಂದಿತ್ತು. ಅದೇ ಪ್ರಾಧಿಕಾರ 2023ರ ಏಪ್ರಿಲ್‌ನಲ್ಲಿ ಪರಿಷ್ಕರಿಸಿದಾಗ ಬ್ಯಾಟರಿ 41,650 ಮೆಗಾವಾಟ್, ಕೂಡಿಡುವ ಕರೆಂಟು 2,08,250 ಮೆಗಾವಾಟ್-ಗಂಟೆ ಆಯಿತು. ಮೂರು ವರ್ಷದಲ್ಲಿ ಹೆಚ್ಚೂಕಡಿಮೆ ಎರಡು ಪಟ್ಟು. ನೀರನ್ನು ಮೇಲಕ್ಕೆತ್ತಿ ಕರೆಂಟು ಕೂಡಿಡುವ ಪಂಪ್ಡ್ ಸ್ಟೋರೇಜ್ ಯೋಜನೆಗಳ ಅಂಕಿ ಸುಮಾರು 10,000ದಿಂದ ಸುಮಾರು 19,000 ಮೆಗಾವಾಟ್‌ಗೆ ಏರಿತು. ಲೆಕ್ಕ ಪರಿಷ್ಕರಿಸಿದ್ದು ತಪ್ಪಲ್ಲ. ಪರಿಷ್ಕರಿಸಲೇಬೇಕು. ವೆಚ್ಚದ ಊಹೆಗಳನ್ನು ವರದಿಯಲ್ಲಿ ಮುದ್ರಿಸಿದ್ದಾರೆ, ಅದಕ್ಕೂ ಮೆಚ್ಚುಗೆ ಇದೆ. ಆದರೆ ಬ್ಯಾಟರಿಯ ಬೆಲೆ ಇಷ್ಟಿದ್ದರೆ ಏನು, ಇನ್ನೂ ಇಳಿದರೆ ಏನು ಎಂದು ನಾವೇ ಓಡಿಸಿ ನೋಡೋಣವೆಂದರೆ ಗಂಟೆ ಗಂಟೆಯ ಇನ್‌ಪುಟ್ ಫೈಲುಗಳು ಓದುಗರ ಕೈಗೆ ಸಿಗುವುದಿಲ್ಲ.

ಇದು ದೆಹಲಿಯ ಮೇಜಿನ ಮೇಲೆ ಮುಗಿದುಹೋಗುವ ವಿಷಯ ಅಲ್ಲ. ಶರಾವತಿ ಕಣಿವೆಯಲ್ಲಿ 2,000 ಮೆಗಾವಾಟ್ ಪಂಪ್ಡ್ ಸ್ಟೋರೇಜ್ ಯೋಜನೆ ಬರಬೇಕೋ ಬೇಡವೋ ಎಂದು ನಮ್ಮ ರಾಜ್ಯದಲ್ಲಿ ಎಷ್ಟು ಚರ್ಚೆ ಆಗಿದೆ ಎಂದು ನಮ್ಮ ಸಂಸದರಿಗೆ ಗೊತ್ತು. ಅದು ಸಿಂಗಳೀಕಗಳ ಅಭಯಾರಣ್ಯ ಇರುವ ಜಾಗ. ಹಗಲು ಸೋಲಾರ್ ಕರೆಂಟು ಉಳಿದಾಗ ನೀರನ್ನು ಮೇಲಿನ ಜಲಾಶಯಕ್ಕೆ ಎತ್ತಿ, ಸಂಜೆ ಬೇಡಿಕೆ ಏರಿದಾಗ ಕೆಳಕ್ಕೆ ಬಿಟ್ಟು ವಿದ್ಯುತ್ ತೆಗೆಯುವ ಯೋಜನೆ. ತತ್ವ ಒಳ್ಳೆಯದೇ. ಸಂಜೆಯ ಹೊತ್ತು ಕರೆಂಟು ಕೂಡಿಟ್ಟಿರಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಬ್ಯಾಟರಿ ಹರಾಜಿನಲ್ಲಿ 2022ರಲ್ಲಿ ಒಂದು ಮೆಗಾವಾಟ್‌ಗೆ ತಿಂಗಳಿಗೆ 10 ಲಕ್ಷ ರೂಪಾಯಿ ದಾಟಿದ್ದ ದರ ಮೂರೇ ವರ್ಷದಲ್ಲಿ ಅದರ ಕಾಲುಭಾಗದ ಆಸುಪಾಸಿಗೆ ಇಳಿದಿದೆ. ಹಾಗಿದ್ದಾಗ ಕಣಿವೆಯಲ್ಲಿ ಸುರಂಗ ಕೊರೆಯುವ ತೀರ್ಮಾನಕ್ಕೆ ಯಾವ ವರ್ಷದ ಬ್ಯಾಟರಿ ದರ ಇಟ್ಟುಕೊಂಡಿದ್ದಾರೆ ಎಂದು ಸಾಗರ, ಹೊನ್ನಾವರದ ಜನ ಕೇಳಬೇಕೋ ಬೇಡವೋ? ಕಾಡಿಗೆ ಮಾಡೆಲ್‌ನಲ್ಲಿ ಎಷ್ಟು ಬೆಲೆ ಕಟ್ಟಿದ್ದಾರೆ ಎಂದು ಕೇಳಬೇಕೋ ಬೇಡವೋ? ಬೆಲೆ ಕಟ್ಟದೇ ಬಿಟ್ಟರೆ ಕಂಪ್ಯೂಟರಿಗೆ ಕಾಡು ಪುಕ್ಕಟೆ ಸಿಕ್ಕಂತೆ. ಕಡಿಮೆ ಖರ್ಚಿನ ದಾರಿ ಹುಡುಕು ಎಂದರೆ ಅದು ಪುಕ್ಕಟೆ ಸಿಗುವುದನ್ನೇ ಮೊದಲು ಆರಿಸುತ್ತದೆ.

ಪಾವಗಡದ ಮಾತನ್ನೂ ಹೇಳಬೇಕು. ಮಾಡೆಲ್‌ನಲ್ಲಿ ಪಾವಗಡ ಅಂದರೆ 2,050 ಮೆಗಾವಾಟ್. ನೆಲದ ಮೇಲೆ ಅದು ತಿರುಮಣಿ, ಬಳಸಮುದ್ರ, ವಳ್ಳೂರು, ಕ್ಯಾತಗಾನಚೆರ್ಲು, ರಾಯಚೆರ್ಲು ಎಂಬ ಊರುಗಳ ಸುಮಾರು 13,000 ಎಕರೆ. ಜಮೀನು ಕಿತ್ತುಕೊಳ್ಳದೆ ಗುತ್ತಿಗೆಗೆ ಪಡೆದದ್ದು ಒಳ್ಳೆಯ ದಾರಿ. ಎಕರೆಗೆ ವರ್ಷಕ್ಕೆ 21,000 ರೂಪಾಯಿ, ಎರಡು ವರ್ಷಕ್ಕೊಮ್ಮೆ ಶೇ 5ರ ಏರಿಕೆ. ಮಳೆ ನಂಬಿ ಕಡಲೆಕಾಯಿ ಬಿತ್ತಿ ಕೈ ಸುಟ್ಟುಕೊಂಡ ಎಷ್ಟೋ ರೈತರಿಗೆ ಇದು ಆಸರೆಯಾಯಿತು. ಆದರೆ ಆ ಹೊಲಗಳಲ್ಲಿ ಕಳೆ ಕೀಳುತ್ತಿದ್ದ, ಕಡಲೆಕಾಯಿ ಬಿಡಿಸುತ್ತಿದ್ದ ಹೆಂಗಸರಿಗೆ ಜಮೀನು ಇರಲಿಲ್ಲ. ಹಾಗಾಗಿ ಗುತ್ತಿಗೆ ಹಣವೂ ಇಲ್ಲ, ಕೂಲಿಯೂ ಇಲ್ಲ. ಕುರಿ ಮೇಯಿಸುವವರಿಗೆ ಬೀಳು ಜಾಗ ಕಡಿಮೆಯಾಯಿತು. ದೇಶದ ಯಾವ ಇಂಧನ ಮಾಡೆಲ್‌ನಲ್ಲಿ ಈ ಕೂಲಿಯ ಸಾಲು ಇದೆ? ಇದ್ದರೆ ತೋರಿಸಿ. ಇಲ್ಲದಿದ್ದರೆ ಸೇರಿಸಿ. ಸೇರಿಸಲು ಕಷ್ಟ ಎಂದಾದರೆ 'ಇದು ನಮ್ಮ ಲೆಕ್ಕದಲ್ಲಿಲ್ಲ' ಎಂದು ವರದಿಯ ಮೊದಲ ಪುಟದಲ್ಲೇ ಬರೆಯಿರಿ. ಆಗ ಅದನ್ನು ಬೇರೆ ರೀತಿಯಲ್ಲಿ ಸರಿಪಡಿಸುವ ಹೊಣೆ ಯಾರದ್ದು ಎಂದಾದರೂ ಗೊತ್ತಾಗುತ್ತದೆ.

ಅಂಕಿಗಳ ಬುಡವೂ ಗಟ್ಟಿಯಿಲ್ಲ. ಕರ್ನಾಟಕದಲ್ಲಿ 30 ಲಕ್ಷಕ್ಕೂ ಹೆಚ್ಚು ನೀರಾವರಿಯ ಐಪಿ ಸೆಟ್‌ಗಳಿವೆ. ಅವುಗಳಲ್ಲಿ ಹೆಚ್ಚಿನವಕ್ಕೆ ಮೀಟರ್ ಓದುವವರಿಲ್ಲ. ಅಲ್ಲೊಂದು ಇಲ್ಲೊಂದು ಟ್ರಾನ್ಸ್‌ಫಾರ್ಮರ್, ಫೀಡರ್ ಅಳೆದು ಒಟ್ಟು ಎಷ್ಟಿರಬಹುದು ಎಂದು ಅಂದಾಜು ಮಾಡುತ್ತಾರೆ. ತಂತಿಯಲ್ಲಿ ಸೋರಿಹೋದ ಕರೆಂಟು ಎಷ್ಟು, ರೈತರ ಬಾವಿಗೆ ಹೋದದ್ದು ಎಷ್ಟು ಎಂದು ಬಿಡಿಸಿ ಹೇಳುವುದು ಕಷ್ಟ. ಆ ಅಂದಾಜು ರಾಜ್ಯದ ಲೆಕ್ಕಕ್ಕೆ ಹೋಗುತ್ತದೆ. ಅಲ್ಲಿಂದ ದೆಹಲಿಗೆ ಹೋಗುತ್ತದೆ. ಅಲ್ಲಿ ಮಾಡೆಲ್ ಒಳಗೆ ಕೂತ ಮೇಲೆ ಅದು ದಶಮಾಂಶದವರೆಗೆ ನಿಖರವಾದ ಅಂಕಿಯಂತೆ ಕಾಣುತ್ತದೆ. 2070ರ ಕೃಷಿ ವಿದ್ಯುತ್ ಎಷ್ಟು ಎಂದು ಹೇಳುವ ಮೊದಲು ಈ ವರ್ಷದ್ದನ್ನು ಅಳೆಯಬೇಕು, ಅಲ್ವಾ? ಮೀಟರ್ ಎಂದರೆ ರೈತರಿಗೆ ಬಿಲ್ಲಿನ ಭಯ. ಅದು ಸಹಜ. ಬಿಲ್ಲಿಗಲ್ಲ, ಅಳತೆಗೆ ಮಾತ್ರ ಎಂದು ನಂಬಿಸುವ ಕೆಲಸ ಸರ್ಕಾರದ್ದು.

ಮಳೆಯದ್ದು ಇನ್ನೊಂದು ಪಾಠ. 2023ರಲ್ಲಿ ಮುಂಗಾರು ಕೈಕೊಟ್ಟಿತು. ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಎಂದು ಘೋಷಣೆಯಾಯಿತು. ಲಿಂಗನಮಕ್ಕಿ, ಸೂಪಾ, ಮಾಣಿ ಜಲಾಶಯಗಳಲ್ಲಿ ನೀರು ಕಡಿಮೆ, ಹಾಗಾಗಿ ಜಲವಿದ್ಯುತ್ ಕಡಿಮೆ. ಮಳೆ ಇಲ್ಲವೆಂದು ರೈತರು ಬೋರ್‌ವೆಲ್ ಓಡಿಸಿದರು, ಹಾಗಾಗಿ ಬೇಡಿಕೆ ಜಾಸ್ತಿ. ಎರಡೂ ಒಂದೇ ಕಾರಣಕ್ಕೆ, ಒಂದೇ ತಿಂಗಳಲ್ಲಿ. ಅಕ್ಟೋಬರ್‌ನಲ್ಲಿ ಲೋಡ್ ಶೆಡ್ಡಿಂಗ್ ಬಂತು. ತ್ರೀ ಫೇಸ್ ಕರೆಂಟು ಸಾಲುತ್ತಿಲ್ಲ ಎಂದು ರೈತರು ಬೀದಿಗಿಳಿದರು. ರಾಜ್ಯ ಸರ್ಕಾರ ವಿದ್ಯುತ್ ಕಾಯ್ದೆಯ 11ನೇ ಸೆಕ್ಷನ್ ಬಳಸಿ, ಖಾಸಗಿ ಉತ್ಪಾದಕರು ರಾಜ್ಯಕ್ಕೇ ಕರೆಂಟು ಕೊಡಬೇಕು ಎಂದು ಆದೇಶ ಹೊರಡಿಸಬೇಕಾಯಿತು.

ಸರಾಸರಿ ಮಳೆಯನ್ನು ನಂಬಿದ ಮಾಡೆಲ್‌ಗೆ ಇಂಥ ವರ್ಷ ಕಾಣುವುದೇ ಇಲ್ಲ. ಮಳೆ ಎಷ್ಟು ಎಂಬುದಷ್ಟೇ ಅಲ್ಲ, ಅದು ತಪ್ಪಿದಾಗ ಉತ್ಪಾದನೆ ಕುಸಿದು ಬೇಡಿಕೆ ಏರುವುದು ಒಟ್ಟಿಗೇ ಆಗುತ್ತದೆ ಎಂಬುದು ಮಾಡೆಲ್‌ಗೆ ಗೊತ್ತಿರಬೇಕು. ಪುಣೆಯಲ್ಲಿ ಮುಂಗಾರಿನ ಲೆಕ್ಕ ಹಾಕುವ ವಿಜ್ಞಾನಿಗಳೂ ದೆಹಲಿಯಲ್ಲಿ ಕರೆಂಟಿನ ಲೆಕ್ಕ ಹಾಕುವ ತಜ್ಞರೂ ಒಂದೇ ಮೇಜಿಗೆ ಕೂತು ಕೆಲಸ ಮಾಡಬೇಕು. ಎರಡೂ ಕಡೆ ಸಮರ್ಥರಿದ್ದಾರೆ. ಅವರನ್ನು ಕೂಡಿಸಬಲ್ಲವರು ನೀವು.

ಇನ್ನೊಂದು ಅಂಕಿಯ ಬಗ್ಗೆ ವಿಶೇಷವಾಗಿ ಬರೆಯುತ್ತೇನೆ. ವರದಿಗಳಲ್ಲಿ ಅದು ಎಲ್ಲೋ ಮೂಲೆಯಲ್ಲಿ ಇರುತ್ತದೆ, ಯಾರೂ ಮಾತಾಡುವುದಿಲ್ಲ. ಡಿಸ್ಕೌಂಟ್ ದರ. ಮುಂದೆ ಬರುವ ಒಂದು ರೂಪಾಯಿಗೆ ಇವತ್ತು ಎಷ್ಟು ಬೆಲೆ ಎಂದು ಹೇಳುವ ದರ ಅದು. ಶೇ 10 ಇಟ್ಟರೆ 40 ವರ್ಷದ ನಂತರದ ಒಂದು ರೂಪಾಯಿ ನಷ್ಟ ಇವತ್ತಿನ ಲೆಕ್ಕದಲ್ಲಿ ಸುಮಾರು 2 ಪೈಸೆ. ಶೇ 4 ಇಟ್ಟರೆ ಸುಮಾರು 21 ಪೈಸೆ. ಹೆಚ್ಚೂಕಡಿಮೆ ಹತ್ತು ಪಟ್ಟು ವ್ಯತ್ಯಾಸ. ನನ್ನ ತರಗತಿಯಲ್ಲಿ ಕೂರುವ ಹದಿನೆಂಟರ ಹುಡುಗಿಗೆ 40 ವರ್ಷದ ನಂತರ 58 ಆಗಿರುತ್ತದೆ. ಆಗ ಅವಳು ಅನುಭವಿಸುವ ಬರ, ಬಿಸಿ, ನೆರೆ ಇವತ್ತಿನ ಲೆಕ್ಕದಲ್ಲಿ 2 ಪೈಸೆಯೋ 21 ಪೈಸೆಯೋ ಎಂದು ಯಾರೋ ಒಬ್ಬರು ಕಂಪ್ಯೂಟರ್ ಪಟ್ಟಿಯ ಒಂದು ಕೋಶದಲ್ಲಿ ಅಂಕಿ ತುಂಬಿ ತೀರ್ಮಾನ ಮಾಡಿರುತ್ತಾರೆ. ಇದು ತಂತ್ರಜ್ಞರ ಮಟ್ಟದಲ್ಲಿ ಮುಗಿಯುವ ವಿಷಯವೇ ಅಲ್ಲ. ಸಂಸತ್ತಿನಲ್ಲಿ ಚರ್ಚೆ ಆಗಬೇಕಾದದ್ದು.

ಜಾಗತಿಕ ಮಾಡೆಲ್‌ಗಳ ಎದುರು ನಾವು ಕೇಳುವ ಪ್ರಶ್ನೆಯೂ ಇದೇ ಥರದ್ದು. ವಿಶ್ವಸಂಸ್ಥೆಯ ಹವಾಮಾನ ವಿಜ್ಞಾನಿಗಳ ಸಮಿತಿಯಾದ ಐಪಿಸಿಸಿಯ ಆರನೇ ವರದಿಯಲ್ಲಿ ಬಳಕೆಯಾದ, ಮುಂದೆ ಹೀಗಾಗಬಹುದು ಎನ್ನುವ ನೂರಾರು ಸನ್ನಿವೇಶಗಳನ್ನು ಬೆಂಗಳೂರಿನ ರಾಷ್ಟ್ರೀಯ ಉನ್ನತ ಅಧ್ಯಯನ ಸಂಸ್ಥೆಯ ಸಂಶೋಧಕರು ಒಂದೊಂದಾಗಿ ತೆರೆದು ನೋಡಿದರು. ದಕ್ಷಿಣ ಏಷ್ಯಾ, ಆಫ್ರಿಕಾದ ಜನರ ತಲಾ ಆದಾಯ 2050ರಲ್ಲೂ ಜಾಗತಿಕ ಸರಾಸರಿಗಿಂತ ಕೆಳಗೇ ಇರುತ್ತದೆ ಎಂಬ ಊಹೆ ಅವುಗಳೊಳಗೆ ಕೂತಿದ್ದನ್ನು ತೋರಿಸಿದರು. ಬಡ ದೇಶಗಳು ಬಡವಾಗಿಯೇ ಉಳಿದು ಭೂಮಿಯನ್ನು ಉಳಿಸಲಿ ಎಂದ ಹಾಗಾಯಿತು. ಇದು ಗೊತ್ತಾಗಿದ್ದು ಹೇಗೆ? ಆ ಸನ್ನಿವೇಶಗಳ ಅಂಕಿಗಳು ಸಾರ್ವಜನಿಕವಾಗಿ ಸಿಗುವಂತಿದ್ದವು, ಅದಕ್ಕೆ. ಶ್ರೀಮಂತ ದೇಶಗಳ ಮಾಡೆಲ್ ತೆರೆದು ನೋಡುವ ಹಕ್ಕು ನಮಗಿದೆ ಎಂದಾದರೆ, ದೆಹಲಿಯ ಮಾಡೆಲ್ ತೆರೆದು ನೋಡುವ ಹಕ್ಕು ಪಾವಗಡಕ್ಕೂ ಇದೆ.

ತೆರೆದಿಟ್ಟರೆ ಕೆಲಸ ಕೆಡುತ್ತದೆ ಎಂದು ನಿಮಗೆ ಅನಿಸಲಾರದು. ಯಾಕೆಂದರೆ ನೀವೇ ಒಮ್ಮೆ ತೆರೆದಿಟ್ಟಿದ್ದೀರಿ. ಬ್ರಿಟನ್‌ನಲ್ಲಿ ಭೌತವಿಜ್ಞಾನಿ ಡೇವಿಡ್ ಮೆಕೇ ಸರ್ಕಾರದ ಸಲಹೆಗಾರರಾಗಿದ್ದಾಗ 2010ರಲ್ಲಿ '2050 ಕ್ಯಾಲ್ಕುಲೇಟರ್' ಬಂತು. ಯಾರು ಬೇಕಾದರೂ ಕೂತು, ಕಾರು ಎಷ್ಟು, ಗಾಳಿಯಂತ್ರ ಎಷ್ಟು ಎಂದು ಆರಿಸಿ ದೇಶದ ಹೊಗೆಯ ಲೆಕ್ಕ ನೋಡಬಹುದಿತ್ತು. ಅದೇ ದಾರಿಯಲ್ಲಿ ಅಂದಿನ ಯೋಜನಾ ಆಯೋಗ 2014ರಲ್ಲಿ ಭಾರತಕ್ಕೆ ಅಂಥದ್ದೇ ಕ್ಯಾಲ್ಕುಲೇಟರ್ ಆದ ಐಇಎಸ್‌ಎಸ್ 2047 ತಂದಿತು. ನೀವು ಅದನ್ನು ಬೆಳೆಸಿ, 2023ರಲ್ಲಿ ಮೂರನೇ ಆವೃತ್ತಿಯನ್ನು ಎಲ್ಲರಿಗೂ ಮುಕ್ತವಾಗಿ ಕೊಟ್ಟಿರಿ. ಅದನ್ನು ತರಗತಿಯಲ್ಲಿ ತೆರೆದಾಗ ಮಕ್ಕಳು ಜಗಳಕ್ಕೇ ಬೀಳುತ್ತಾರೆ. ಬಸ್ಸು ಹೆಚ್ಚಿಸೋಣ ಎಂದು ಒಬ್ಬರು, ಕಾರು ಬಿಡಲಾಗದು ಎಂದು ಇನ್ನೊಬ್ಬರು, ಕಲ್ಲಿದ್ದಲು ಬಿಟ್ಟರೆ ರಾಯಚೂರಿನ ಕೆಲಸಗಾರರ ಗತಿ ಏನು ಎಂದು ಮತ್ತೊಬ್ಬರು. ಅಂಥ ಜಗಳ ಇಡೀ ದೇಶದಲ್ಲಿ ಆಗಬೇಕು. ಬೆಂಗಳೂರಿನ ಸಿ-ಸ್ಟೆಪ್‌ನಂಥ ಸಂಸ್ಥೆಗಳು ಅಭಿವೃದ್ಧಿಯ ಗುರಿಗಳನ್ನೂ ಹವಾಮಾನವನ್ನೂ ಕೂಡಿಸಿ ನೋಡುವ ಮಾಡೆಲ್ ಕಟ್ಟಿವೆ. ಕೈಗಳು ಇವೆ, ತಲೆಗಳು ಇವೆ.

ಆದರೆ ಸಾರ್ವಜನಿಕರಿಗೆ ಆಡಿ ನೋಡಲು ಒಂದು ಮಾಡೆಲ್, ನಿಜವಾದ ತೀರ್ಮಾನಕ್ಕೆ ಇನ್ನೊಂದು ಎಂದಾಗಬಾರದು. 2022ರಲ್ಲಿ ಈಜಿಪ್ಟಿನ ಶರ್ಮ್ ಎಲ್ ಶೇಖ್ ಹವಾಮಾನ ಸಮ್ಮೇಳನದಲ್ಲಿ ಭಾರತ ಸಲ್ಲಿಸಿದ ದೀರ್ಘಕಾಲದ ಕಾರ್ಯತಂತ್ರದಲ್ಲಿ ಯಾವ ವರ್ಷ ನಮ್ಮ ಹೊರಸೂಸುವಿಕೆ ತುತ್ತತುದಿ ಮುಟ್ಟಿ ಇಳಿಯಲು ಶುರುವಾಗುತ್ತದೆ ಎಂಬ ಇಸವಿ ಇಲ್ಲ. ಹಾಗೆ ಇಡದಿರಲು ಕಾರಣ ಇರಬಹುದು. ಹೊರಗಿನ ಒತ್ತಡಕ್ಕೆ ಸಿಕ್ಕಿಹಾಕಿಕೊಳ್ಳಬಾರದು ಎಂಬ ಎಚ್ಚರ ನನಗೂ ಅರ್ಥವಾಗುತ್ತದೆ. ಆದರೂ ದೇಶದ ಜನಕ್ಕೆ ಒಂದು ದಾರಿಯ ನಕ್ಷೆ ಬೇಡವೇ?

ಬ್ರಿಟನ್‌ನಲ್ಲಿ ಇದೇ ಪ್ರಶ್ನೆ ಕೋರ್ಟಿಗೆ ಹೋಯಿತು. ಅಲ್ಲಿನ ಸರ್ಕಾರದ ನೆಟ್ ಝೀರೋ ಕಾರ್ಯತಂತ್ರ ಕಾನೂನಿಗೆ ಹೊಂದುವುದಿಲ್ಲ ಎಂದು 2022ರ ಜುಲೈನಲ್ಲಿ ಹೈಕೋರ್ಟ್ ಹೇಳಿತು. ಯಾವ ನೀತಿಯಿಂದ ಎಷ್ಟು ಹೊಗೆ ಕಡಿಮೆಯಾಗುತ್ತದೆ ಎಂಬ ಬಿಡಿ ಲೆಕ್ಕವನ್ನು ಸಚಿವರ ಮುಂದೆಯೂ ಇಟ್ಟಿರಲಿಲ್ಲ. ಎಲ್ಲ ಕೂಡಿಸಿದರೂ, ಕಾನೂನು ಹಾಕಿದ ಹೊಗೆಯ ಮಿತಿಯಾದ ಆರನೇ ಇಂಗಾಲ ಬಜೆಟ್‌ಗೆ ಬೇಕಾದದ್ದರಲ್ಲಿ ಶೇ 95 ಮಾತ್ರ ಆಗುತ್ತಿತ್ತು. ಉಳಿದ ಶೇ 5 ಎಲ್ಲಿಂದ ಬರುತ್ತದೆ ಎಂದು ನ್ಯಾಯಾಲಯ ಕೇಳಿತು. ಅಲ್ಲಿ 2008ರ ಹವಾಮಾನ ಕಾಯ್ದೆ ಇದೆ, ಅದಕ್ಕೇ ಹಾಗೆ ಕೇಳಲು ಸಾಧ್ಯವಾಯಿತು. ನಮ್ಮಲ್ಲಿ ಅಂಥ ಕಾಯ್ದೆ ಇಲ್ಲ. ಆದರೆ 2024ರಲ್ಲಿ ಎಂ.ಕೆ. ರಂಜಿತ್‌ಸಿನ್ಹ್ ಪ್ರಕರಣದಲ್ಲಿ, ಹವಾಮಾನ ಬದಲಾವಣೆಯ ಕೆಟ್ಟ ಪರಿಣಾಮಗಳಿಂದ ರಕ್ಷಣೆ ಪಡೆಯುವುದು ಸಂವಿಧಾನದ 14 ಮತ್ತು 21ನೇ ವಿಧಿಗಳ ಅಡಿ ನಾಗರಿಕರ ಹಕ್ಕು ಎಂದು ನಮ್ಮ ಸುಪ್ರೀಂ ಕೋರ್ಟ್ ಹೇಳಿದೆ. ಆ ಹಕ್ಕನ್ನು ಸರ್ಕಾರ ಹೇಗೆ ಕಾಪಾಡುತ್ತದೆ ಎಂದು ತಿಳಿಯಬೇಕಾದರೆ ಲೆಕ್ಕ ಕಾಣಬೇಕು.

ಕೋಸ್ಟಾ ರಿಕಾ ಎಂಬ ಪುಟ್ಟ ದೇಶದ ಕೆಲಸ ನನಗೆ ತುಂಬಾ ಇಷ್ಟವಾಯಿತು. 2019ರಲ್ಲಿ ಅವರು ಇಂಗಾಲ ಕಡಿತದ ರಾಷ್ಟ್ರೀಯ ಯೋಜನೆ ಮಾಡಿದರು. ಆಮೇಲೆ ಅಲ್ಲಿನ ವಿಶ್ವವಿದ್ಯಾಲಯದವರು ಹೊರಗಿನ ತಜ್ಞರ ಜೊತೆ ಸೇರಿ, ಮುಕ್ತವಾಗಿ ಸಿಗುವ ತಂತ್ರಾಂಶ ಬಳಸಿ, ಆ ಯೋಜನೆಯನ್ನು 3,000ಕ್ಕೂ ಹೆಚ್ಚು ಬೇರೆ ಬೇರೆ ಭವಿಷ್ಯಗಳಲ್ಲಿ ಓಡಿಸಿ ನೋಡಿದರು. ಬೆಳವಣಿಗೆ ಕಡಿಮೆಯಾದರೆ? ಬ್ಯಾಟರಿ ದುಬಾರಿಯಾದರೆ? ಜನ ಬಸ್ಸಿಗೆ ಬರದಿದ್ದರೆ? ಬಹುಪಾಲು ಭವಿಷ್ಯಗಳಲ್ಲಿ ಯೋಜನೆ ದೇಶಕ್ಕೆ ಲಾಭವೇ ಎಂದು ಕಂಡಿತು. ಎಲ್ಲಿ ಎಡವಬಹುದು ಎಂಬುದೂ ಕಂಡಿತು. ನಾಳೆ ಹೀಗೇ ಆಗುತ್ತದೆ ಎಂದು ಅವರು ಹೇಳಲಿಲ್ಲ. ಏನೇ ಆದರೂ ಯಾವ ಹೆಜ್ಜೆ ನಷ್ಟವಾಗುವುದಿಲ್ಲ ಎಂದು ಹುಡುಕಿದರು. ಮಾಡೆಲ್ ಅನ್ನು ಹೀಗೆ ಬಳಸಬೇಕು. ಒಂದೇ ಅಂಕಿ ಕೊಟ್ಟು ಇದೇ ದಾರಿ ಎಂದರೆ, ಆ ಅಂಕಿ ತಪ್ಪಿದ ದಿನ ಜನರ ನಂಬಿಕೆಯೂ ಹೋಗುತ್ತದೆ.

ಹಾಗಾಗಿ ನೀತಿ ಆಯೋಗಕ್ಕೆ ನನ್ನ ಬೇಡಿಕೆ ಇಷ್ಟು. ನೆಟ್ ಝೀರೋಗೆ ಸಂಬಂಧಿಸಿದ ಯಾವುದೇ ರಾಷ್ಟ್ರೀಯ ಗುರಿ, ಯೋಜನೆ ಅಥವಾ ವಿದ್ಯುತ್ ಯೋಜನಾ ವರದಿಯ ಕರಡಿನ ಜೊತೆಗೇ ಅದರ ಮಾಡೆಲ್, ಇನ್‌ಪುಟ್ ಫೈಲು, ಊಹೆಗಳ ಪಟ್ಟಿ ಹೊರಬರಲಿ. ಅದನ್ನು ಪರೀಕ್ಷಿಸಿ ಬರೆಯಲು ಜನರಿಗೆ, ಕಾಲೇಜುಗಳಿಗೆ, ರಾಜ್ಯಗಳಿಗೆ ಕನಿಷ್ಠ ಮೂರು ತಿಂಗಳು ಸಿಗಲಿ. ಊಹೆಗಳ ಪಟ್ಟಿ ಕನ್ನಡ ಸೇರಿ ಎಲ್ಲ ರಾಜ್ಯಭಾಷೆಗಳಲ್ಲೂ ಇರಲಿ. ಕೋಡ್ ಇಂಗ್ಲಿಷಿನಲ್ಲಿದ್ದರೆ ತೊಂದರೆಯಿಲ್ಲ. ಆದರೆ ಎಕರೆಗೆ ಎಷ್ಟು, ಯೂನಿಟ್‌ಗೆ ಎಷ್ಟು, ಎಷ್ಟು ಜನಕ್ಕೆ ಕೆಲಸ, ಎಷ್ಟು ಕಾಡು ಎಂಬುದು ಗ್ರಾಮ ಪಂಚಾಯಿತಿಯಲ್ಲಿ ಓದಿ ಹೇಳುವಂತಿರಲಿ. ಪ್ರತಿ ಎರಡು ವರ್ಷಕ್ಕೊಮ್ಮೆ ಹಿಂದಿನ ಅಂದಾಜು ಮತ್ತು ನಿಜವಾಗಿ ಆದದ್ದನ್ನು ಪಕ್ಕಪಕ್ಕದಲ್ಲಿ ಇಟ್ಟು, ವ್ಯತ್ಯಾಸಕ್ಕೆ ಕಾರಣ ಬರೆದು ಸಂಸತ್ತಿನ ಮುಂದಿಡಿ.

ನಮ್ಮ ಸಂಸದರಲ್ಲಿ ಒಂದು ಮಾತು. ಈ ವಿಷಯ ಸದನದಲ್ಲಿ ಎತ್ತಲು ನೀವು ತಜ್ಞರಾಗಬೇಕಿಲ್ಲ. ಮುಂದಿನ ಅಧಿವೇಶನದಲ್ಲಿ ಲಿಖಿತ ಪ್ರಶ್ನೆ ಕೇಳಿ. ಈಗ ಬಳಕೆಯಲ್ಲಿರುವ ರಾಷ್ಟ್ರೀಯ ಇಂಧನ ಮಾಡೆಲ್‌ಗಳು ಯಾವುವು, ಅವುಗಳಲ್ಲಿ ಡಿಸ್ಕೌಂಟ್ ದರ ಎಷ್ಟು, ಕರ್ನಾಟಕದ ಐಪಿ ಸೆಟ್‌ಗಳ ಬಳಕೆಯನ್ನು ಎಷ್ಟೆಂದು ಹಾಕಿದ್ದಾರೆ, ಶರಾವತಿ ಯೋಜನೆಗೆ ಹೋಲಿಸಿದ ಬ್ಯಾಟರಿ ದರ ಯಾವ ವರ್ಷದ್ದು? ಉತ್ತರ ಬಂದರೆ ಅದು ದಾಖಲೆಯಾಗುತ್ತದೆ. ನಿಮ್ಮ ಕ್ಷೇತ್ರದ ಯಾವ ಕಾಲೇಜಿನ ವಿದ್ಯಾರ್ಥಿಯೂ ಅದನ್ನು ತೆಗೆದು ಓದಬಹುದು.

ಐಇಎಸ್‌ಎಸ್‌ನ ಮುಂದಿನ ಆವೃತ್ತಿಯ ಕರಡು ಸಿದ್ಧವಾದಾಗ ನಮ್ಮಂಥ ಜಿಲ್ಲಾ ಕಾಲೇಜುಗಳಿಗೂ ಕಳಿಸಿಕೊಡಿ. ಕೃಷಿ ವಿದ್ಯುತ್ ಮತ್ತು ಸೋಲಾರ್ ಜಮೀನಿನ ಭಾಗವನ್ನು ನಮ್ಮ ವಿದ್ಯಾರ್ಥಿಗಳು ಪಾವಗಡ, ಶಿರಾ, ಮಧುಗಿರಿ ತಾಲ್ಲೂಕುಗಳ ಅಂಕಿಗಳ ಜೊತೆ ಹೋಲಿಸಿ ನೋಡುತ್ತಾರೆ. ಎಲ್ಲಿ ಹೊಂದುವುದಿಲ್ಲವೋ ಅದನ್ನು ಬರೆದು ನಿಮಗೆ ಕಳಿಸುತ್ತೇವೆ.

ವಿಶ್ವಾಸದಿಂದ,
ಒಬ್ಬ ಭೌತಶಾಸ್ತ್ರ ಅಧ್ಯಾಪಕಿ
ತುಮಕೂರು ಜಿಲ್ಲೆ